ದುರ್ಗದ ಸೀಮೆಯಲ್ಲಿ ಒಡಕುದನಿಯ ಪೆಟ್ಟಿಗೆ

ಚಿತ್ರದುರ್ಗದ ಬೆಟ್ಟವನ್ನು ಕಣ್ಣಾರೆ ಕಂಡು ಹೋಗತಕ್ಕವರು ಅನೇಕರು. ಅದು ಕಿವಿಯಾರೆ ಕೇಳತಕ್ಕ ಸ್ಥಳವೂ ಹೌದೆಂಬುದನ್ನು ಗಮನಿಸಿದವರು ವಿರಳ. ಏಳು ಸುತ್ತಿನ ಕೋಟೆಯ ಬಾಗಿಲುಗಳನ್ನು ಒಂದೊಂದಾಗಿ ದಾಟಿ ಮೇಲಕ್ಕೆ ನಡೆದಂತೆಲ್ಲ, ಹೆಬ್ಬಂಡೆಗಳ ನಡುವೆ ಆಡಿದ ಮಾತು ಆಡಿದಂತೆಯೇ ಉಳಿಯುವುದಿಲ್ಲ; ಕಲ್ಲಿಗೆ ತಾಗಿ, ದಪ್ಪವಾಗಿ, ಒರಟಾಗಿ ಹಿಂದಿರುಗುವುದು. ಹಿಡಿಂಬೇಶ್ವರನ ಗುಡಿಯಲ್ಲಿ ಕಬ್ಬಿಣದ ತಗಡುಗಳನ್ನು ಕೂಡಿಸಿ ಮಾಡಿದ, ಸುಮಾರು ೬ ಅಡಿ ಎತ್ತರದ ಭೇರಿಯೊಂದಿದೆ. ಅದು ಭೀಮಸೇನನದೆಂದು ಜನರ ನಂಬಿಕೆ. ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಓಬವ್ವನ ಕಥೆಯನ್ನರಿಯದ ಕನ್ನಡದ ಮನೆಯಿಲ್ಲ. ಆಕೆಯ ಗಂಡ ಕಹಳೆಯ ಮುದ್ದ ಹನುಮ. ಹೈದರಾಲಿಯ ಸೈನ್ಯವು ಕೋಟೆಯನ್ನು ಮುತ್ತಿದ್ದ ದಿನಗಳಲ್ಲಿ ಕಾವಲಿದ್ದು ಕಹಳೆಯೂದುವುದು ಅವನ ಕೆಲಸವಾಗಿತ್ತೆಂದು ಹೇಳುವರು. ೧೭೭೯ರಲ್ಲಿ ಕೋಟೆಯು ಹೈದರಾಲಿಯ ವಶವಾಯಿತು. ಆದರೂ ಓಬವ್ವನ ಹೆಸರಿನ ಜತೆಗೆ ಆ ಕಹಳೆಯ ಹೆಸರು ಇಂದಿಗೂ ಉಳಿದಿದೆ.

ಕಹಳೆಯ ದನಿ ಕೊಳಲಿನ ದನಿಯಂತೆ ನುಣುಪಾದುದಲ್ಲ. ನುಣುಪಾಗಿದ್ದಿದ್ದರೆ ಅದು ಕಾವಲಿನವನ ಕೈಗೆ ಬರುತ್ತಲೂ ಇರಲಿಲ್ಲ. ಒರಟು ದನಿಯೆಂದರೇನು? ಮೂಲಸ್ವರದ ಮೇಲೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗವಾಗಿ ಕಂಪಿಸುವ ಉಪಸ್ವರಗಳು ದಟ್ಟವಾಗಿ ಸೇರಿರುವ ದನಿ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು ೨,೦೦೦ದಿಂದ ೪,೦೦೦ ಕಂಪನಗಳ ನಡುವಣ ಶಬ್ದಕ್ಕೆ ಅತ್ಯಂತ ಚುರುಕು. ಒರಟು ದನಿಯ ಉಪಸ್ವರಗಳು ಈ ಎಡೆಗೆ ಬಂದು ಬೀಳುವುದರಿಂದ ಅದು ಗದ್ದಲವನ್ನು ಸೀಳಿಕೊಂಡು ಕೇಳಿಸುವುದು.

ಇಂಥ ಸೀಮೆಯಲ್ಲಿ ಈಚೆಗೆ ನಾವು ನಾಲ್ಕು ದಿನ ಸಂಚರಿಸಿದೆವು. ದುರ್ಗದಿಂದ ಹಿರಿಯೂರು, ಅಲ್ಲಿಂದ ಹೊಸದುರ್ಗ, ಅಲ್ಲಿಂದ ಹೊಳಲ್ಕೆರೆ, ಮರಳಿ ದುರ್ಗ. ಬಳಸಿ ಬರುವ ಈ ದಾರಿಯನ್ನು ಬಸ್ಸಿನಲ್ಲಿ ಒಂದೇ ದಿನದಲ್ಲಿ ಮುಗಿಸಬಹುದು. ನಮಗೆ ನಾಲ್ಕು ದಿನ ಹಿಡಿದುದಕ್ಕೆ ಕಾರಣ ತೀರ್ಥವೂ ಅಲ್ಲ, ಬಂಧುಗಳ ಮದುವೆಯೂ ಅಲ್ಲ. ಅಂಗೈಯಗಲದ ಒಂದು ಪೆಟ್ಟಿಗೆ.

ನಮ್ಮ ಅಕ್ಕನವರು ಹೊಳಲ್ಕೆರೆಯಲ್ಲಿರುವರು. ಅವರ ಮೊಮ್ಮಗನು ದುರ್ಗದಲ್ಲಿ ಕಾಲೇಜು ಓದುತ್ತಿರುವನು. ಗಿಟಾರನ್ನು ನುಡಿಸುವ ಅಭ್ಯಾಸವುಳ್ಳವನು. ವಿದ್ಯುತ್ ಗಿಟಾರಿನಲ್ಲಿ ತಂತಿಗಳ ಕೆಳಗೆ ಅಯಸ್ಕಾಂತವೂ ಅದಕ್ಕೆ ಸುತ್ತಿದ ಸಣ್ಣ ತಾಮ್ರದ ಸುರುಳಿಯೂ ಇರುವುವು. ತಂತಿಯ ನಡುಕವು ಸುರುಳಿಯಲ್ಲಿ ವಿದ್ಯುತ್ತಿನ ನಡುಕವಾಗಿ, ಧ್ವನಿವರ್ಧಕಕ್ಕೆ ಹೋಗಿ, ದೊಡ್ಡದಾಗಿ ಕೇಳುವುದು. ಗಿಟಾರಿಗೂ ಧ್ವನಿವರ್ಧಕಕ್ಕೂ ನಡುವೆ ಒಂದು ಪೆಟ್ಟಿಗೆಯನ್ನಿಟ್ಟು, ಅದರ ಗುಂಡಿಯನ್ನು ಕಾಲಿನಿಂದ ಒತ್ತಿದರೆ, ನುಣುಪಾದ ದನಿ ಒಡೆದು ಗುಡುಗಿನಂತೆ ಗುರುಗುಟ್ಟುವುದು. ಇದಕ್ಕೆ ಡಿಸ್ಟಾರ್ಷನ್ ಪೆಡಲ್ ಎಂದು ಹೆಸರು. ಹುಡುಗನು ಇದನ್ನು ಕೊಳ್ಳದೆ ತನ್ನ ಕೈಯಿಂದಲೇ ಮಾಡಬೇಕೆಂದು ಹಟ ಹಿಡಿದಿದ್ದನು. ಬೆಸುಗೆಯ ಕಡ್ಡಿಯನ್ನು ಅದುವರೆಗೆ ಹಿಡಿದವನಲ್ಲ. ಅಕ್ಕನವರು ದೂರವಾಣಿಯಲ್ಲಿ ನಮಗೆ ಹೇಳಿದರು: “ಇರುವ ದನಿಯನ್ನು ಕೆಡಿಸುವುದಕ್ಕೂ ಒಂದು ಯಂತ್ರ ಬೇಕೇನಪ್ಪಾ? ನೀನು ನಾಲ್ಕಕ್ಷರ ಬಲ್ಲವನು. ಅವನ ಜತೆಗಿದ್ದು ನೋಡಿ ಹೇಳು. ಇದು ಹಾಳು ಹವ್ಯಾಸವೆಂದು ನಿನಗೆ ತೋರಿದರೆ ಆ ಗಿಟಾರನ್ನೇ ಮಾರಿಸಿಬಿಡುತ್ತೇನೆ.” ಹುಡುಗನ ಓದಿನ ಖರ್ಚೆಲ್ಲ ಅವರದೇ ಆದುದರಿಂದ ಅದು ಬರಿಯ ಬೆದರಿಕೆಯ ಮಾತಾಗಿರಲಿಲ್ಲ.

ಅಕ್ಕನವರ ಪ್ರಶ್ನೆ ಗೃಹಸ್ಥರ ಪ್ರಶ್ನೆ. ಅದಕ್ಕೆ ಉತ್ತರವನ್ನು ಶಾಸ್ತ್ರದಲ್ಲಿಯೂ ಹುಡುಕಬೇಕು, ಲೋಕದಲ್ಲಿಯೂ ಹುಡುಕಬೇಕು. ನಮ್ಮ ಸಂಗೀತಶಾಸ್ತ್ರದಲ್ಲಿ ಷಡ್ಜ ಪಂಚಮಗಳು ಪ್ರಕೃತಿಸ್ವರಗಳು; ಉಳಿದ ಐದೂ ವಿಕೃತಿಸ್ವರಗಳು. ಅಲ್ಲಿ ವಿಕೃತಿಯೆಂಬುದು ಬೈಗುಳಲ್ಲ; ಅದಿಲ್ಲದೆ ರಾಗವೇ ಇಲ್ಲ. ಅಲಂಕಾರಶಾಸ್ತ್ರದಲ್ಲಿ ಕಾಕುವೆಂಬ ಮಾತುಂಟು. ಶೋಕ ಭಯ ಕ್ರೋಧಾದಿಗಳಿಂದ ಕಂಠದ ದನಿ ಬೇರೆಯಾದರೆ, ಅದೇ ಪದಗಳಿಗೆ ಬೇರೆಯ ಅರ್ಥ ಹೊರಡುವುದನ್ನು ಆಲಂಕಾರಿಕರು ಕಾಕುವೆಂದು ಗುರುತಿಸಿದರು. ಗಂಟಲು ಬಿಗಿದು ಆಡಿದ ಮಾತನ್ನು ಕೆಟ್ಟ ದನಿಯ ಮಾತೆಂದು ಯಾರೂ ತಳ್ಳಿಹಾಕುವುದಿಲ್ಲವಷ್ಟೆ.

ಇನ್ನು ತಂಬೂರಿಯನ್ನು ನೋಡೋಣ. ಅದರ ಕುದುರೆಯ ಮೇಲ್ಮೈ ಚಪ್ಪಟೆಯಾಗಿ ತುಸು ಇಳಿಜಾರಾಗಿರುವುದು. ತಂತಿಗೂ ಕುದುರೆಗೂ ನಡುವೆ ಒಂದೆಳೆ ದಾರವನ್ನು ತೂರಿಸಿ, ಹಿಂದುಮುಂದಕ್ಕೆ ಸರಿಸುತ್ತ, ತಂತಿಯು ಕುದುರೆಯನ್ನು ಮುಟ್ಟಿಯೂ ಮುಟ್ಟದಂತೆ ಝೇಂಕರಿಸುವ ಸ್ಥಾನವನ್ನು ಹಿಡಿಯುವರು. ಈ ದಾರಕ್ಕೆ ಜೀವವೆಂದು ಹೆಸರು. ಹಿಂದುಸ್ತಾನಿಯವರು ಈ ಝೇಂಕಾರವನ್ನು ಜವಾರಿಯೆನ್ನುವರು. ದಾರವನ್ನು ತೆಗೆದರೆ ಸ್ವರವೇನೋ ಶುದ್ಧವಾಗಿಯೇ ಇರುವುದು, ಆದರೆ ತಂಬೂರಿಯ ಜೀವ ಹೋಗುವುದು. ಮುಂದೆ ೧೯೩೩ರಲ್ಲಿ ಬೆಂಗಳೂರಿಗೆ ಬಂದು ಅಲ್ಲಿಯೇ ನೆಲೆಸಿದ ಸರ್ ಸಿ. ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ, ೧೯೨೧ರಲ್ಲಿ, ವೀಣೆ ತಂಬೂರಿಗಳ ಬಗ್ಗೆ ಒಂದು ಪ್ರಬಂಧವನ್ನು ಪ್ರಕಟಿಸಿದರು. ತಂತಿಯನ್ನು ನಟ್ಟನಡುವೆ ಮೀಟಿದರೆ ಎರಡನೆಯ, ನಾಲ್ಕನೆಯ ಉಪಸ್ವರಗಳು ಹುಟ್ಟಬಾರದೆಂಬುದು ಪಾಶ್ಚಾತ್ಯರು ಕಂಡ ನಿಯಮ. ನಮ್ಮ ವಾದ್ಯಗಳಲ್ಲಿ ಆ ನಿಯಮ ನಿಲ್ಲುವುದಿಲ್ಲ, ಅದಕ್ಕೆ ಕಾರಣ ಆ ಕುದುರೆಯ ವಿಶೇಷ ರಚನೆ, ಎಂದು ರಾಮನ್ನರು ತೋರಿಸಿದರು. ಎಂದ ಮೇಲೆ ತಂತಿಯ ದನಿಗೆ ಬೇಕೆಂದೇ ಒಂದು ಒಡಕನ್ನು ಸೇರಿಸಿ ಅದನ್ನು ತುಂಬುದನಿಯಾಗಿಸುವ ವಿದ್ಯೆ ನಮಗೆ ಹೊಸದೇನೂ ಅಲ್ಲ.

ದುರ್ಗದ ಸೀಮೆಗೆ ಇದು ಇನ್ನೂ ಹತ್ತಿರದ ಮಾತು. ಇಲ್ಲಿನ ದೇವರ ಉತ್ಸವಗಳಲ್ಲಿ ಉರುಮೆಯನ್ನು ಕೇಳದವರಾರು? ಒಂದು ಮುಖವನ್ನು ಕೋಲಿನಿಂದ ಬಡಿದು, ಇನ್ನೊಂದು ಮುಖದ ಮೇಲೆ ಬಾಗಿದ ಕೋಲನ್ನು ಉಜ್ಜಿದಾಗ ಅದು ನರಳುವುದು, ಗುಮ್ಮೆನ್ನುವುದು. ಆ ನರಳಿಕೆಯೇ ಉರುಮೆ. ಅದನ್ನು ನುಣುಪು ಮಾಡಿದರೆ ದೇವರು ಹೊರಡುವ ಉತ್ಸಾಹವೇ ಇಳಿದುಹೋದೀತು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಗನೊಡನೆ ಹಿರಿಯೂರಿನ ಬಸ್ಸನ್ನು ಹತ್ತಿದೆವು. ಅವನ ಬಳಿ ಗಿಟಾರಿನ ತಂತಿಯನ್ನು ಸಿಕ್ಕಿಸುವ ಎರಡು ಜಾಕುಗಳೂ ಕಾಲಿನಿಂದೊತ್ತುವ ಗುಂಡಿಯೂ ಇದ್ದುವು. ಅವು ಬೆಂಗಳೂರಿನ ಎಸ್. ಪಿ. ರಸ್ತೆಯಿಂದ ಗೆಳೆಯನೊಬ್ಬನು ತಂದುಕೊಟ್ಟವು. ಉಳಿದ ಸಾಮಾನು ಹಿರಿಯೂರಿನಲ್ಲಿ ಟಿ.ವಿ. ರಿಪೇರಿ ಮಾಡುವ ಒಂದು ಅಂಗಡಿಯಲ್ಲಿ ದೊರೆಯಿತು. ಪಟ್ಟಿ ಚಿಕ್ಕದು: ಬಿಸಿ ೫೪೭ ಎಂಬ ಟ್ರಾನ್ಸಿಸ್ಟರು ಒಂದು, ವಿದ್ಯುತ್ತಿಗೆ ತಡೆಯೊಡ್ಡುವ ರೆಸಿಸ್ಟರುಗಳು ಮೂರು, ೨.೨ ಮೆಗಾಓಮಿನದೊಂದು, ೪.೭ ಕಿಲೋಓಮಿನದೊಂದು, ೬೮೦ ಓಮಿನದೊಂದು, ೦.೧ ಮೈಕ್ರೋಫ್ಯಾರಡಿನ ಕೆಪಾಸಿಟರುಗಳು ಎರಡು, ದನಿಯನ್ನು ಏರಿಸಿ ಇಳಿಸಲು ೧೦೦ ಕಿಲೋಓಮಿನ ತಿರುಗುಗುಂಡಿ ಒಂದು, ೯ ವೋಲ್ಟಿನ ಬ್ಯಾಟರಿ ಒಂದು, ಡಯೋಡುಗಳು ಎರಡು. ಇವುಗಳಲ್ಲಿ ಡಯೋಡಿನ ಹೊರತು ಉಳಿದುದನ್ನೆಲ್ಲ ಕೊಂಡೆವು. ಅಂಗಡಿಯವರಲ್ಲಿ ಸಿಲಿಕಾನ್ ಡಯೋಡಿತ್ತು, ಅದರಲ್ಲೊಂದನ್ನು ತೆಗೆದುಕೊಂಡೆವು. ಹುಡುಗನಿಗೆ ಎರಡನೆಯದು ಜರ್ಮೇನಿಯಂ ಡಯೋಡೇ ಆಗಬೇಕಿತ್ತು. “ಅದು ಹಳೇ ಕಾಲದ್ದು ಸ್ವಾಮಿ, ಈಗ ಯಾರೂ ಕೇಳುವುದಿಲ್ಲ” ಎಂದು ಅಂಗಡಿಯವರು ಕೈಯಾಡಿಸಿದರು.

ಡಯೋಡು ಮಾಡುವ ಕೆಲಸವೇನೆಂಬುದು ನಮಗೆ ಚೆನ್ನಾಗಿ ತಿಳಿದುದು ಅಂದಿನ ಮಧ್ಯಾಹ್ನ, ವಾಣಿವಿಲಾಸ ಸಾಗರದ ದಂಡೆಯ ಮೇಲೆ. ಹಿರಿಯೂರಿನಿಂದ ಹೊಸದುರ್ಗದ ಕಡೆಗೆ ಹೋಗುವವರು ಮಾರಿಕಣಿವೆಯ ಈ ಅಣೆಕಟ್ಟನ್ನು ನೋಡದೆ ಹೋಗಬಾರದು. ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ಕಲ್ಲುಗಾರೆಯಿಂದ ತಡೆದು ೧೯೦೭ರಲ್ಲಿ ಮುಗಿಸಿದ ಕಟ್ಟಡವದು. ಮೈಸೂರಿನ ರಾಜಮಾತೆ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಹೊತ್ತುದು. ನೀರು ೧೩೦ ಅಡಿಗೆ ಬಂದರೆ ಕೋಡಿ ಬೀಳುವುದು. ೧೯೩೩ರಲ್ಲೊಮ್ಮೆ ಕೋಡಿ ಬಿದ್ದ ಮೇಲೆ ೮೯ ವರ್ಷ ಹಾಗಾಗಲಿಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ಮತ್ತೆ ಬಿದ್ದಾಗ ಸೀಮೆಯ ಜನರೆಲ್ಲ ಜಾತ್ರೆಯಂತೆ ನೆರೆದರು. ೨೦೨೫ರ ಜನವರಿಯಲ್ಲಿ ಇನ್ನೊಮ್ಮೆ ಬಿದ್ದಿತು.

ಹುಡುಗನು ದಂಡೆಯ ಮಣ್ಣಿನಲ್ಲಿ ಕಡ್ಡಿಯಿಂದ ಒಂದು ಅಲೆಯ ಗೆರೆಯನ್ನೆಳೆದನು. “ತಾತ, ಗಿಟಾರಿನ ಅಲೆ ಒಂದು ವೋಲ್ಟಿನ ಹತ್ತರಲ್ಲೊಂದೆರಡು ಪಾಲು. ಟ್ರಾನ್ಸಿಸ್ಟರು ಅದನ್ನು ಸುಮಾರು ಏಳರಷ್ಟು ಎತ್ತುತ್ತದೆ. ಆಗ ಅಲೆ ಒಂದು ವೋಲ್ಟಿನ ಹತ್ತಿರ ಬರುತ್ತದೆ. ಆದರೆ ಸಿಲಿಕಾನ್ ಡಯೋಡು ೦.೬ ವೋಲ್ಟಿಗೆ ಬಾಗಿಲು ತೆರೆದು, ಮೇಲೆ ಬಂದದ್ದನ್ನೆಲ್ಲ ಕೆಳಕ್ಕೆ ಹರಿಸಿಬಿಡುತ್ತದೆ” ಎಂದನು. ಏಳರ ಲೆಕ್ಕವೂ ಸರಿಯೇ: ೪,೭೦೦ನ್ನು ೬೮೦ರಿಂದ ಭಾಗಿಸಿದರೆ ಬರುವುದು ಹೆಚ್ಚುಕಡಮೆ ಅಷ್ಟೇ. ಕೋಡಿಯ ಮಟ್ಟಕ್ಕಿಂತ ಮೇಲೆದ್ದ ನೀರು ಹೇಗೆ ಕೆರೆಯಲ್ಲಿ ನಿಲ್ಲದೋ, ಡಯೋಡಿನ ಮಟ್ಟಕ್ಕಿಂತ ಮೇಲೆದ್ದ ಅಲೆ ಹಾಗೆಯೇ ತಂತಿಯಲ್ಲಿ ನಿಲ್ಲದು. ಅಲೆಯ ದುಂಡುನೆತ್ತಿ ಚಪ್ಪಟೆಯಾಗುವುದು. ಕೆರೆಗೆ ಮೇಲ್ಗಡೆ ಮಾತ್ರ ಕೋಡಿ. ವಿದ್ಯುತ್ತಿನ ಅಲೆಗೆ ಮೇಲುಬ್ಬೂ ಉಂಟು ಕೆಳಗುಬ್ಬೂ ಉಂಟು. ಆದಕಾರಣ ಎರಡು ಡಯೋಡುಗಳನ್ನು ಒಂದಕ್ಕೊಂದು ವಿಮುಖವಾಗಿ ಕಟ್ಟಬೇಕು.

ಎರಡು ಕೋಡಿಗಳೂ ಒಂದೇ ಮಟ್ಟದಲ್ಲಿದ್ದರೆ ಹುಟ್ಟುವುವು ಬೆಸಸಂಖ್ಯೆಯ ಉಪಸ್ವರಗಳು ಮಾತ್ರ. ಅವುಗಳಲ್ಲಿ ಮೂರನೆಯದು ಮೇಲಿನ ಸ್ಥಾಯಿಯ ಪಂಚಮ. ಐದನೆಯದು ಅದಕ್ಕೂ ಮೇಲಿನ ಸ್ಥಾಯಿಯ ಅಂತರಗಾಂಧಾರ. ಮಟ್ಟಗಳು ಬೇರೆಬೇರೆಯಾದರೆ ಸಮಸಂಖ್ಯೆಯವೂ ಸೇರಿಕೊಳ್ಳುವುವು. ಅವುಗಳಲ್ಲಿ ಎರಡನೆಯದೆಂದರೆ ತಾರಷಡ್ಜವೇ. ಜರ್ಮೇನಿಯಂ ಡಯೋಡಿನ ಬಾಗಿಲು ಸುಮಾರು ೦.೩ ವೋಲ್ಟಿಗೇ ತೆರೆಯುವುದು. ಅದೂ ತಟ್ಟನೆ ತೆರೆಯದೆ ಮೆಲ್ಲನೆ. ಹುಡುಗನು ಒಂದು ಸಿಲಿಕಾನ್, ಒಂದು ಜರ್ಮೇನಿಯಂ ಎಂದು ಹಟ ಹಿಡಿದುದರ ಮರ್ಮ ಇದು.

ಹೊಸದುರ್ಗವನ್ನು ಸೇರಿದಾಗ ಸಂಜೆಯಾಗಿತ್ತು. ಮರುದಿನ ಪೇಟೆಯಲ್ಲಿ ರೇಡಿಯೋ ರಿಪೇರಿಯ ಒಬ್ಬ ವೃದ್ಧರನ್ನು ಕಂಡೆವು. ಅಂಗಡಿಯ ಗೋಡೆಯುದ್ದಕ್ಕೂ ಮೂಕ ರೇಡಿಯೋಗಳು; ಬರುವ ಗಿರಾಕಿಗಳೆಲ್ಲ ಮೊಬೈಲಿನ ಚಾರ್ಜರು, ಮಿಕ್ಸಿಯ ತಂತಿ ಎನ್ನುವವರು. ಜರ್ಮೇನಿಯಮಿನ ಹೆಸರೆತ್ತಿದೊಡನೆ ಅವರ ಮುಖವರಳಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸಿನವರು ೧೯೬೨ರಲ್ಲಿ ಜರ್ಮೇನಿಯಂ ತುಂಡುಗಳನ್ನು ತಯಾರಿಸತೊಡಗಿದ ಮೇಲೆ, ನಮ್ಮ ನಾಡಿನಲ್ಲಿ ಹೆಗಲಿಗೆ ತೂಗುಹಾಕಿಕೊಂಡು ಹೋಗುವ ರೇಡಿಯೋ ಬಳಕೆಗೆ ಬಂದ ಕಾಲವನ್ನು ಅವರು ಬಣ್ಣಿಸಿದರು.

ಆ ೧೯೬೨ಕ್ಕೆ ಇನ್ನೊಂದು ಸ್ವಾರಸ್ಯವುಂಟು. ಅದಕ್ಕೆ ಒಂದು ವರ್ಷ ಹಿಂದೆ, ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡಿನ ಮುದ್ರಣವು ಹೊರಬಿದ್ದಿತು. ಮುದ್ರಣ ನಡೆಯುತ್ತಿದ್ದಾಗ ಯಂತ್ರದ ಒಂದು ಭಾಗ ಕೆಟ್ಟು ಗಿಟಾರಿನ ದನಿ ಒಡೆದು ಬಂದಿತ್ತು. ಅದನ್ನು ಅಳಿಸದೆ ಹಾಗೆಯೇ ಉಳಿಸಿದರು, ಜನ ಮೆಚ್ಚಿದರು. ಗ್ಲೆನ್ ಸ್ನಾಡಿ ಎಂಬ ಯಂತ್ರಜ್ಞನು ಆ ಒಡಕನ್ನೇ ಬೇಕೆಂದಾಗ ಹುಟ್ಟಿಸುವ ಪೆಟ್ಟಿಗೆಯನ್ನು ಯೋಜಿಸಿದನು. ಮೂರು ಜರ್ಮೇನಿಯಂ ಟ್ರಾನ್ಸಿಸ್ಟರುಗಳುಳ್ಳ ಆ ಪೆಟ್ಟಿಗೆ ಮೇಸ್ಟ್ರೋ ಫಜ್‌ಟೋನ್ ಎಂಬ ಹೆಸರಿನಿಂದ ೧೯೬೨ರಲ್ಲಿ ಮಾರಾಟಕ್ಕೆ ಬಂದಿತು. ೧೯೬೫ರಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ಇಂಗ್ಲಿಷ್ ಮೇಳದವರು ಅದನ್ನು ನುಡಿಸಿದ ಮೇಲೆ ಲೋಕಪ್ರಸಿದ್ಧವಾಯಿತು. ಒಂದೇ ವರ್ಷದಲ್ಲಿ ಒಂದೇ ಧಾತುವು ಅಲ್ಲಿ ಒಡಕುದನಿಗೂ ಇಲ್ಲಿ ಮನೆಮನೆಯ ವಾರ್ತೆ ಸಂಗೀತಗಳಿಗೂ ಒದಗಿಬಂದುದನ್ನು ಕೇಳಿ ಹುಡುಗನಿಗಿಂತ ಆ ವೃದ್ಧರೇ ಹೆಚ್ಚು ನಕ್ಕರು.

ಅವರಲ್ಲಿಯೂ ಬಿಡಿ ಡಯೋಡಿರಲಿಲ್ಲ. “ಹಳೇ ಟ್ರಾನ್ಸಿಸ್ಟರ್ ರೇಡಿಯೋ ಮನೆಯಲ್ಲಿದ್ದರೆ ನೋಡಿ ಮೇಷ್ಟ್ರೇ. ಒಳಗೆ ಗಾಜಿನ ಸಣ್ಣ ಕೊಳವೆ, ಓಎ ೭೯ ಅಂತ ಗುರುತಿರುತ್ತದೆ. ಗೋಡೆಯ ಕರೆಂಟಿನಲ್ಲಿ ನಡೆಯುವ ಹಳೇ ವಾಲ್ವ್ ರೇಡಿಯೋ ಮಾತ್ರ ಹುಡುಗರ ಕೈಗೆ ಕೊಡಬೇಡಿ, ತಂತಿ ಕಿತ್ತ ಮೇಲೂ ಒಳಗೆ ಕರೆಂಟು ಕೂತಿರುತ್ತದೆ” ಎಂದರು. ಬಳಿಕ ತಾವಾಗಿಯೇ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಬೆಸುಗೆಯ ಪಾಠವನ್ನು ಹೇಳಿಕೊಟ್ಟರು. ಕಡ್ಡಿಯ ಕಾವನ್ನು ಸೀಸಕ್ಕೆ ಕೊಡಬಾರದು. ಬೆಸೆಯಬೇಕಾದ ತಂತಿಗೂ ಹಲಗೆಯ ತಾಮ್ರಕ್ಕೂ ಕೊಡಬೇಕು. ಅವು ಕಾದ ಮೇಲೆ ಸೀಸವು ತಾನೇ ಕರಗಿ ಹರಿಯುವುದು. ಹರಿದ ಬೆಸುಗೆ ಹೊಳೆಯುವುದು. ಹರಿಯದ ಬೆಸುಗೆ ಮಂಕಾಗಿ ಉಂಡೆಗಟ್ಟುವುದು, ಅದನ್ನು ನಂಬಬಾರದು. ಜರ್ಮೇನಿಯಮಿಗೆ ಕಾವು ಆಗದು. ಆದುದರಿಂದ ಅದರ ಕಾಲನ್ನು ಇಕ್ಕುಳದಿಂದ ಹಿಡಿದುಕೊಂಡು ಬೆಸೆದರೆ ಕಾವನ್ನು ಇಕ್ಕುಳವೇ ಹೀರಿಕೊಳ್ಳುವುದು. ಹೊಗೆಯನ್ನು ಮೂಸಬಾರದು, ಕೆಲಸವಾದ ಮೇಲೆ ಕೈ ತೊಳೆಯದೆ ಏನನ್ನೂ ಬಾಯಿಗಿಡಬಾರದು. ಇಷ್ಟು ಪಾಠಕ್ಕೆ ಅವರು ಕಾಸನ್ನು ಮುಟ್ಟಲಿಲ್ಲ.

ಅದೇ ತಾಲ್ಲೂಕಿನ ಸಾಣೇಹಳ್ಳಿಗೂ ಹೋಗಿಬಂದೆವು. ಅಲ್ಲಿಯ ಮಠದ ಆಶ್ರಯದಲ್ಲಿ ೧೯೯೭ರಲ್ಲಿ ಆರಂಭವಾದ ಶಿವಸಂಚಾರವೆಂಬ ನಾಟಕಮಂಡಲಿಯು ವರ್ಷವರ್ಷವೂ ಹೊಸ ನಾಟಕಗಳನ್ನು ಕಟ್ಟಿಕೊಂಡು ನಾಡನ್ನು ಸುತ್ತುವುದು. ಮೆಟ್ಟಿಲುಮೆಟ್ಟಿಲಾದ ಬಯಲು ರಂಗಮಂದಿರದಲ್ಲಿ ಕುಳಿತು ನಾವು ಹುಡುಗನಿಗೆ ಹೇಳಿದೆವು: “ಇಲ್ಲಿ ನಟನ ಮಾತು ಕೊನೆಯ ಮೆಟ್ಟಿಲಿಗೂ ಅಕ್ಷರ ಕೆಡದೆ ಮುಟ್ಟಬೇಕು. ನಿನ್ನ ಪೆಟ್ಟಿಗೆಯನ್ನು ಇಲ್ಲಿ ತಂದಿಟ್ಟರೆ ಅಪಚಾರ. ಬೇಕೆಂದಾಗ ಕೆಡಿಸಿ ಬೇಡವೆಂದಾಗ ಬಿಡುವ ಹತೋಟಿ ಇದ್ದರೆ ಮಾತ್ರ ಅದು ಕಲೆ.” “ಅದಕ್ಕೇ ತಾತ, ಕಾಲಿನ ಗುಂಡಿ” ಎಂದನು ಹುಡುಗ. ಉತ್ತರ ಸರಿಯಾಗಿಯೇ ಇತ್ತು.

ಹೊಳಲ್ಕೆರೆಯಲ್ಲಿ ಮೊದಲು ಬಯಲು ಗಣಪತಿಗೆ ಕೈಮುಗಿದು ಅಕ್ಕನವರ ಮನೆಗೆ ಹೋದೆವು. ನಡುಮನೆಯ ಗೂಡಿನಲ್ಲಿ ಒಂದು ಟ್ರಾನ್ಸಿಸ್ಟರ್ ರೇಡಿಯೋ ಇರುವುದು ನಮಗೆ ಗೊತ್ತು. ಭಾವನವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಂಡುದು. ಅವರು ಹೋದ ಮೇಲೆ ಅದೂ ಮಾತನ್ನು ನಿಲ್ಲಿಸಿತು. ಅಕ್ಕನವರು ಪ್ರತಿ ಶುಕ್ರವಾರ ಅದರ ದೂಳನ್ನು ಒರೆಸುವುದನ್ನು ಬಿಟ್ಟಿರಲಿಲ್ಲ. ಹುಡುಗನಿಗೂ ಅದು ಗೊತ್ತಿತ್ತು. ಆದುದರಿಂದಲೇ ಊಟವಾದರೂ ಅವನು ಆ ಮಾತೆತ್ತಲಿಲ್ಲ, ನಾವೂ ಎತ್ತಲಿಲ್ಲ. ಅಂಚೆಯಲ್ಲಿ ತರಿಸಿದರೂ ಹೊಸ ಡಯೋಡು ಬರುವುದು, ಒಂದು ವಾರ ತಡವಾದೀತು ಅಷ್ಟೆ, ಎಂದು ನಾವು ನಿಶ್ಚಯಿಸಿದ್ದೆವು.

ಅಕ್ಕನವರೇ ಕೇಳಿದರು, “ಎಲ್ಲ ಸಾಮಾನು ಸಿಕ್ಕಿತೇನೋ?” ಒಂದು ಸಿಕ್ಕಲಿಲ್ಲವೆಂದು ಹುಡುಗನು ಹೇಳಿದನು. ಅದು ಎಲ್ಲಿರುತ್ತದೆಂದು ಕೇಳಿದರು. ಅವನು ಗೂಡಿನ ಕಡೆ ನೋಡಿ ಸುಮ್ಮನಾದನು. ಅಕ್ಕನವರು ಒಂದಿಷ್ಟು ಹೊತ್ತು ಮಾತನಾಡಲಿಲ್ಲ. ಎಂಜಲೆಲೆಗಳನ್ನೆತ್ತಿ, ನೆಲವನ್ನೊರೆಸಿ, ಕೈ ತೊಳೆದು ಬಂದು, ರೇಡಿಯೋವನ್ನು ತಾವೇ ಇಳಿಸಿ ಅವನ ಮುಂದಿಟ್ಟರು. “ಮೂಗನಾಗಿ ಕ��ತಿರುವುದಕ್ಕಿಂತ ಒಡಕುದನಿಯಲ್ಲಾದರೂ ಮಾತಾಡಲಿ. ಬೇಕಾದ್ದೊಂದನ್ನು ಮಾತ್ರ ತೆಗೆ, ಮಿಕ್ಕದ್ದು ಇದ್ದ ಹಾಗೇ ಮುಚ್ಚಿ ಗೂಡಿನಲ್ಲಿಡು” ಎಂದರು. ಹುಡುಗನು ಹಿಂಬದಿಯ ತಿರುಪುಗಳನ್ನು ಬಿಚ್ಚಿದನು. ವೃದ್ಧರು ಹೇಳಿದ ಗಾಜಿನ ಕೊಳವೆ ಅಲ್ಲಿತ್ತು, ಒಂದೇ ಒಂದು. ಮೀಟರಿನಿಂದ ಪರೀಕ್ಷಿಸಿದಾಗ ಒಂದು ಕಡೆಗೆ ಮಾತ್ರ ವಿದ್ಯುತ್ತನ್ನು ಬಿಟ್ಟಿತು, ಜೀವ ಇದೆಯೆಂದರ್ಥ.

ಅಂದು ರಾತ್ರಿ ತೂತುಹಲಗೆಯ ಮೇಲೆ ಬೆಸುಗೆ ನಡೆಯಿತು. ಗಿಟಾರಿನಿಂದ ಬಂದ ಅಲೆ ಒಂದು ಕೆಪಾಸಿಟರಿನ ಮೂಲಕ ಟ್ರಾನ್ಸಿಸ್ಟರಿನ ನಡುಗಾಲಿಗೆ, ಎಂದರೆ ಬೇಸಿಗೆ, ಎಮಿಟರಿನಿಂದ ೬೮೦ ಓಮಿನ ಮೂಲಕ ಬ್ಯಾಟರಿಯ ಋಣಕ್ಕೆ, ಕಲೆಕ್ಟರಿನಿಂದ ೪.೭ ಕಿಲೋಓಮಿನ ಮೂಲಕ ಧನಕ್ಕೆ. ಕಲೆಕ್ಟರಿಗೂ ಬೇಸಿಗೂ ನಡುವೆ ೨.೨ ಮೆಗಾಓಮು. ಕಲೆಕ್ಟರಿನಿಂದಲೇ ಇನ್ನೊಂದು ಕೆಪಾಸಿಟರಿನ ಮೂಲಕ ಹೊರಬಂದ ಅಲೆಗೆ, ಋಣದ ತಂತಿಯ ಕಡೆಗೆ ವಿಮುಖವಾಗಿ ಕಟ್ಟಿದ ಎರಡು ಡಯೋಡುಗಳು. ಅಲ್ಲಿಂದ ತಿರುಗುಗುಂಡಿ, ಜಾಕು. ಇಷ್ಟೇ ಯಂತ್ರ. ಎಲ್ಲವನ್ನೂ ಬೆಸೆದು ನುಡಿಸಿದರೆ ದನಿಯೇ ಸರಿಯಾಗಿ ಹೊರಡಲೊಲ್ಲದು. ಸೊಳ್ಳೆಯ ದನಿಯಂತೆ ಕ್ಷೀಣವಾಗಿ ಬಂದಿತು. ಹುಡುಗನ ಮುಖ ಬಾಡಿತು. ಎಲ್ಲವನ್ನೂ ಕಿತ್ತು ಮೊದಲಿನಿಂದ ಮಾಡುತ್ತೇನೆಂದನು. ವ್ಯಾಕರಣದಲ್ಲಿ ರೂಪಸಿದ್ಧಿ ತಪ್ಪಿದರೆ ನಾವು ಇಡೀ ಪದವನ್ನು ಅಳಿಸುವುದಿಲ್ಲ. ಸೂತ್ರಗಳನ್ನು ಒಂದೊಂದಾಗಿ ಹಚ್ಚಿ ಎಲ್ಲಿ ತಪ್ಪಿತೆಂದು ನೋಡುತ್ತೇವೆ. ಹಾಗೆಯೇ ಅವನಿಂದ ಒಂದೊಂದು ತುಂಡನ್ನೂ ಬಾಯಲ್ಲಿ ಹೇಳಿಸಿದೆವು. ಟ್ರಾನ್ಸಿಸ್ಟರಿಗೆ ಬಂದಾಗ ಅವನೇ ನಿಂತನು. ಅವನ ನಕ್ಷೆ ೨ಎನ್ ೩೯೦೪ ಎಂಬ ಟ್ರಾನ್ಸಿಸ್ಟರಿಗೆ ಬರೆದುದು. ಚಪ್ಪಟೆಯ ಮುಖವನ್ನು ನಮ್ಮ ಕಡೆಗೆ ಮಾಡಿ ಕಾಲುಗಳನ್ನು ಕೆಳಗಿಟ್ಟರೆ, ಅದರಲ್ಲಿ ಎಡದಿಂದ ಎಮಿಟರು, ಬೇಸು, ಕಲೆಕ್ಟರು. ಬಿಸಿ ೫೪೭ರಲ್ಲಾದರೋ ಕಲೆಕ್ಟರು, ಬೇಸು, ಎಮಿಟರು. ಹೊಸಬರು ಎಡವುವ ಸ್ಥಳಗಳಲ್ಲಿ ಇದೊಂದು. ತಿರುಗಿಸಿ ಬೆಸೆದನು.

ಆಮೇಲೆ ಕಾಲಿನ ಗುಂಡಿಯನ್ನೊತ್ತಿ ಒಂದು ತಂತಿಯನ್ನು ಮೀಟಿದಾಗ ನಡುಮನೆಯ ಪಾತ್ರೆಗಳು ಝಲ್ಲೆಂದುವು. ಅಕ್ಕನವರು ಕಿವಿಯನ್ನು ಮುಚ್ಚಿಕೊಳ್ಳಲಿಲ್ಲ, “ಉರುಮೆ” ಎಂದರು. ದನಿಯ ಅಡಿಯಲ್ಲಿ ಗುಂಯ್ ಎಂಬ ಗೊಣಗು ಬೇರೆ ಕೇಳುತ್ತಿತ್ತು. ಅದು ಮನೆಯ ಕರೆಂಟಿನ ೫೦ರ ಕಂಪನ. ಹಲಗೆಯನ್ನು ಒಂದು ಹಳೆಯ ಅಲ್ಯುಮಿನಿಯಂ ಡಬ್ಬಿಯೊಳಗಿರಿಸಿ, ಡಬ್ಬಿಯನ್ನು ಋಣದ ತಂತಿಗೆ ಸೇರಿಸಿದ ಮೇಲೆ ಅದು ಬಹುಮಟ್ಟಿಗೆ ಅಡಗಿತು. ಪ್ಲಾಸ್ಟಿಕ್ ಡಬ್ಬಿಯಿಂದ ಈ ಉಪಕಾರವಾಗದು.

ಹುಡುಗನು ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಮೀಟಿದಾಗ ಬರಿಯ ಗದ್ದಲವಾಯಿತು. ಅದಕ್ಕೂ ಕಾರಣವುಂಟು: ಅಲೆಯ ನೆತ್ತಿಯನ್ನು ಕತ್ತರಿಸಿದಾಗ, ಕೂಡಿ ಬಂದ ಸ್ವರಗಳ ಮೊತ್ತ ವ್ಯತ್ಯಾಸಗಳೂ ಸ್ವರಗಳಾಗಿ ಹುಟ್ಟುವುವು, ಹಲವು ಸೇರಿದರೆ ಒಂದಕ್ಕೊಂದು ಹೊಂದದೆ ಕಚ್ಚಾಡುವುವು. ಆದುದರಿಂದ ಈ ಪೆಟ್ಟಿಗೆಯವರು ಹೆಚ್ಚಾಗಿ ಎರಡೇ ಸ್ವರಗಳನ್ನು, ಷಡ್ಜ ಪಂಚಮಗಳನ್ನು, ಜತೆಯಾಗಿ ನುಡಿಸುವರು. ಹುಡುಗನು ಅದನ್ನು ನುಡಿಸಿದನು. ಅಕ್ಕನವರು ತಲೆಯೆತ್ತಿದರು. ಅವರು ದಶಕಗಳಿಂದ ಭಜನೆಯಲ್ಲಿ ಹಾಡುವವರು. ೧೯೭೯ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣರು ವಿದ್ಯುತ್ ತಂಬೂರಿಯನ್ನು ರೂಪಿಸಿದುದರಿಂದಾಗಿ ಅಂಥದೊಂದು ಪೆಟ್ಟಿಗೆ ಅವರ ಭಜನೆಗೂ ಬಂದಿದೆ. “ಕೆಳಗಿನ ಷಡ್ಜ ಯಾರು ಹಾಕಿದರು?” ಎಂದು ಕೇಳಿದರು. ಯಾರೂ ಹಾಕಿರಲಿಲ್ಲ. ಷಡ್ಜ ಪಂಚಮಗಳ ಕಂಪನಗಳು ಎರಡಕ್ಕೆ ಮೂರರಂತೆ ಇರುವುವು. ಅವುಗಳ ವ್ಯತ್ಯಾಸ ಒಂದು, ಎಂದರೆ ಮಂದ್ರದ ಷಡ್ಜ. ಕೈ ಮೀಟದ ಆ ಸ್ವರವನ್ನು ಹುಟ್ಟಿಸಿದುದು ಅಲೆಯನ್ನು ಕತ್ತರಿಸಿದ ಆ ಎರಡು ತುಂಡುಗಳು. ಅವುಗಳಲ್ಲೊಂದು ಭಾವನವರ ರೇಡಿಯೋದಿಂದ ಬಂದುದು. ಹುಡುಗನು ಗುಂಡಿಯನ್ನೊತ್ತಿ ಪೆಟ್ಟಿಗೆಯನ್ನು ಬಿಡಿಸಿ ಅದನ್ನೇ ನುಡಿಸಿದನು. ಮಂದ್ರದ ಷಡ್ಜ ಮರೆಯಾಯಿತು. ಮತ್ತೆ ಒತ್ತಿದನು, ಬಂದಿತು. ಅಕ್ಕನವರು ಮೂರು ಸಲ ಹಾಗೆ ಮಾಡಿಸಿ ಕೇಳಿದರು.

ಗಿಟಾರನ್ನು ಮಾರುವ ಮಾತು ಮತ್ತೆ ಬರಲಿಲ್ಲ. ರಾತ್ರಿ ಒಂಬತ್ತರ ಮೇಲೆ ನುಡಿಸಕೂಡದು, ಪರೀಕ್ಷೆಯ ತಿಂಗಳಲ್ಲಿ ಪೆಟ್ಟಿಗೆ ಹೊಳಲ್ಕೆರೆಯಲ್ಲಿಯೇ ಇರತಕ್ಕದ್ದು ಎಂದು ಎರಡು ನಿಬಂಧನೆಗಳಾದುವು. ಹುಡುಗನು ಒಪ್ಪಿದನು. ರೇಡಿಯೋ ತನ್ನ ಗೂಡಿಗೆ ಹಿಂದಿರುಗಿತು.

ಮಕ್ಕಳು ಇಂಥ ಪೆಟ್ಟಿಗೆಯನ್ನು ಕಟ್ಟಲು ಹೊರಟರೆ ಗೃಹಸ್ಥರು ಬೆದರಬೇಕಾದುದಿಲ್ಲ. ೯ ವೋಲ್ಟಿನ ಬ್ಯಾಟರಿಯೊಂದರಿಂದಲೇ ನಡೆಯುವುದರಿಂದ ಆ ಪೆಟ್ಟಿಗೆ ಅಪಾಯದ್ದಲ್ಲ. ಕಾದ ಕಡ್ಡಿಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಅಂಗಡಿಯ ಸಾಮಾನಿನ ಬೆಲೆ ಅಲ್ಪ. ಹಿಡಿಯುವುದು ಎರಡು ಮೂರು ಸಂಜೆಗಳ ಹೊತ್ತು. ಆ ಹೊತ್ತಿನಲ್ಲಿ ಹುಡುಗನು ಭಾಗಾಕಾರವನ್ನೂ ತಾಳ್ಮೆಯನ್ನೂ ಶ್ರುತಿಜ್ಞಾನವನ್ನೂ ಒಟ್ಟಿಗೆ ಅಭ್ಯಾಸ ಮಾಡುವನು. ಬೆಸುಗೆಯ ಹದವನ್ನು ಮಾತ್ರ ಹಳಬರ ಪಕ್ಕದಲ್ಲಿ ಕುಳಿತು ಕಲಿತರೆ ಮೇಲು. ದುರ್ಗದ ಸೀಮೆಯನ್ನು ನೋಡಲು ಹೋಗುವವರ ಮನೆಯಲ್ಲಿ ಮೂಕವಾದ ರೇಡಿಯೋ ಒಂದಿದ್ದರೆ ಅದನ್ನೂ ಜತೆಗೆ ಕೊಂಡುಹೋಗಲಿ. ಹೊಸದುರ್ಗದ ಆ ವೃದ್ಧರಂಥವರು ಯಾವ ಪೇಟೆಯಲ್ಲಿ ಇನ್ನೂ ಅಂಗಡಿ ತೆರೆದು ಕುಳಿತಿರುವರೋ ಅಲ್ಲಿ ಇಳಿದು, ಮಗುವನ್ನು ಅವರ ಪಕ್ಕದಲ್ಲಿ ಒಂದು ಗಳಿಗೆ ಕೂರಿಸಲಿ.